ಯುಗಾದಿಗೆ ಎಚ್ಚರಾದ ಯಂತ್ರ

'ಗೊತ್ತಿಲ್ಲದ್ದಕ್ಕೂ ಹೂಂ ಅನ್ನುತ್ತೇನೆ. ಕೇಳಿದವರು ಸುಮ್ಮನಾದರೆ ಸಾಕು ಅನಿಸುತ್ತದೆ. ಇದೂ ಒಂದು ರೋಗವೇ ಇರಬಹುದು. ಯಾರ ಹತ್ತಿರ ಹೇಳಲಿ?'

ಮಂಗಳವಾರ ಸಂಜೆ ವನಮಾಲಾ ತನ್ನ ಡೈರಿಯಲ್ಲಿ ಇಷ್ಟು ಬರೆದು, ಬರೆದದ್ದನ್ನು ಅಂಗೈಯಿಂದ ಮುಚ್ಚಿ ಕೂತಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಮುಚ್ಚಿದಳು. ಬಿಸಿಎ ಮುಗಿಸಿ ಎರಡು ವರ್ಷ, ಕೆಲಸಕ್ಕೆ ಸೇರಿ ಏಳು ತಿಂಗಳು. ಈ ಏಳು ತಿಂಗಳಲ್ಲಿ ಕೇಂದ್ರದಲ್ಲಿ ಅವಳು ಆಡಿದ ಮಾತುಗಳನ್ನೆಲ್ಲ ಕೂಡಿಸಿದರೆ ಈ ಡೈರಿಯ ನಾಲ್ಕು ಪುಟ ತುಂಬುತ್ತಿರಲಿಲ್ಲ.

ಕೇಂದ್ರವೆಂದರೆ ಗುಳೇದಗುಡ್ಡದ ಹಳೆಯ ನೂಲಿನ ಗೋದಾಮಿನ ಮೇಲ್ಮಹಡಿ. ಒಂದು ಕಾಲಕ್ಕೆ ಬಣ್ಣದ ನೂಲಿನ ಗಂಟುಗಳನ್ನು ಪೇರಿಸಿಡುತ್ತಿದ್ದ ಜಾಗದಲ್ಲಿ ಈಗ ಗಾಜಿನ ಗೋಡೆಯ ಒಂದು ಕೋಣೆ, ಅದರೊಳಗೆ ಒಂದು ಸರ್ವರ್. ಊರಿನ ನಲವತ್ಮೂರು ಮುದುಕ ಮುದುಕಿಯರ ನೆನಪು ಅದರಲ್ಲಿತ್ತು.

ಮರೆವಿನ ರೋಗ ಬಂದವರ ಕಿವಿಯ ಹಿಂದೆ ಕಡಲೆಕಾಳಿನಷ್ಟು ಒಂದು ಮಣಿ ಕೂರಿಸುತ್ತಿದ್ದರು. ಅದಕ್ಕೆ ಸರಕಾರಿ ಕಾಗದದಲ್ಲಿ ಉದ್ದನೆಯ ಹೆಸರಿತ್ತು. ಜನ ಕರೆದದ್ದು ಕಿವಿಮಾತು ಎಂದು. ಅವರ ಸುತ್ತ ಯಾರು ಬಂದರು, ಏನೆಂದರು, ಯಾರು ಹುಟ್ಟಿದರು, ಯಾರು ಹೋದರು ಎಂಬುದನ್ನೆಲ್ಲ ಮಣಿ ದಿನವಿಡೀ ಕೇಳಿಸಿಕೊಂಡು ಸಂಜೆ ಆರಕ್ಕೆ ಸರ್ವರಿಗೆ ಒಪ್ಪಿಸುತ್ತಿತ್ತು. ಸರ್ವರ್ ಅದನ್ನು ಮಡಿಚಿಟ್ಟುಕೊಳ್ಳುತ್ತಿತ್ತು. ಮರುದಿನ ಆ ಜೀವ ಎದುರಿಗೆ ಬಂದ ಮುಖ ನೋಡಿ ತಬ್ಬಿಬ್ಬಾದರೆ, ಹಿಡಿದ ತಂಬಿಗೆ ಯಾಕೆ ಹಿಡಿದೆ ಎಂದು ತಿಳಿಯದೆ ನಿಂತರೆ, ಮಣಿ ಮೆಲ್ಲಗೆ ಹೇಳಿಕೊಡುತ್ತಿತ್ತು. ಅದೂ ಮನೆಯವರ ದನಿಯಲ್ಲೇ. ಮಗನೋ ಸೊಸೆಯೋ ಒಂದು ದಿನ ಕೇಂದ್ರಕ್ಕೆ ಬಂದು ನಾಲ್ಕು ತಾಸು ಶಬ್ದಗಳ ಪಟ್ಟಿ ಓದಿದರೆ ಸಾಕು, ಆಮೇಲೆ ಯಂತ್ರ ಆ ದನಿಯಲ್ಲಿ ಏನು ಬೇಕಾದರೂ ಹೇಳಬಲ್ಲದಾಗಿತ್ತು.

"ಮನ್ಯಾಗಿನ ಅಳಿಯನಿಗೂ ಇಷ್ಟು ಉಪಚಾರ ಇರೂದಿಲ್ಲ ನೋಡವ್ವಾ," ಎನ್ನುತ್ತಿದ್ದ ದಸ್ತಗೀರಸಾಬ. ಕೇಂದ್ರದ ಕರೆಂಟು, ಬ್ಯಾಟರಿ, ಜನರೇಟರು ನೋಡಿಕೊಳ್ಳುವವ, ಅರವತ್ತೊಂದು ವರ್ಷದವ. "ನಾವು ಸೆಕ್ಯಾಗ ಬೇಯೂದು, ಇವಗ ಎಸಿ. ನಮಗ ಚಾ ಇಲ್ಲ, ಇವಗ ಹೊತ್ತೊತ್ತಿಗೆ ಕರೆಂಟು." ಹೀಗಾಗಿ ಆ ಸರ್ವರಿಗೆ ಅಳಿಯ ಎಂದೇ ಹೆಸರು ಬಿದ್ದಿತ್ತು. ಪ್ರತಿ ತಾಸಿಗೊಮ್ಮೆ ಅವನು ಮೀಟರು ನೋಡಿ, ಬ್ಯಾಟರಿ ಮುಟ್ಟಿ ನೋಡಿ, ಎಲ್ಲ ಸರಿಯಿದೆ ಎಂಬರ್ಥದಲ್ಲಿ ನೀಲಿ ಪೆನ್ನಿನಲ್ಲಿ ವಹಿಯಲ್ಲಿ ಬರೆಯುತ್ತಿದ್ದ: 'ಬರೋಬ್ಬರಿ'. ಪುಟಪುಟವೂ ಬರೋಬ್ಬರಿ. ವನಮಾಲಾ ಅವನನ್ನು ಕಾಕಾ ಎನ್ನುತ್ತಿದ್ದಳು. ಕೇಂದ್ರದಲ್ಲಿ ಅವಳಿಗೆ ಹೆದರಿಕೆ ಹುಟ್ಟಿಸದವನು ಅವನೊಬ್ಬನೇ.

ಆ ಮಂಗಳವಾರ ನಾಲ್ಕು ಗಂಟೆಯ ಹೊತ್ತಿಗೆ ಹುಬ್ಬಳ್ಳಿಯಿಂದ ಶ್ರೀಪಾದ ಸರ್ ಫೋನ್ ಮಾಡಿದ್ದರು. ಈ ಭಾಗದ ಆರು ಕೇಂದ್ರಗಳ ಸರ್ವರುಗಳಿಗೆ ಅವರೊಬ್ಬರೇ ಇಂಜಿನಿಯರು. ಯಾವಾಗಲೂ ಯಾವುದೋ ಬಸ್ಸಿನಲ್ಲಿರುತ್ತಿದ್ದರು.

"ಎರಡು ಕೆಲಸ ಅವ, ಬರಕೋ," ಎಂದರು.

ಮೊದಲನೆಯದು ಬೂಟ್ ಲೋಡರಿನದು. ಲಿನಕ್ಸ್ ಸರ್ವರ್ ಎಚ್ಚರಾಗುವಾಗ ಎಲ್ಲಕ್ಕಿಂತ ಮೊದಲು ಈ ಸಣ್ಣ ಪ್ರೋಗ್ರಾಂ ಕಣ್ಣುಬಿಟ್ಟು, ಯಾರನ್ನು ಎಬ್ಬಿಸಲಿ ಎಂದು ಕೇಳುತ್ತದೆ. ಅಳಿಯನೊಳಗೆ ಎರಡು ವ್ಯವಸ್ಥೆಗಳಿದ್ದವು. ದಿನಾ ನಡೆಯುವುದು ಒಂದು. ಅದಕ್ಕೇನಾದರೂ ಆದರೆ ಇರಲಿ ಎಂದು ಯುಗಾದಿಯ ಹೊತ್ತಿಗೆ ನೆನಪು ಸಮೇತ ತೆಗೆದಿಟ್ಟ ನಕಲು ಇನ್ನೊಂದು. ಐದು ಸೆಕೆಂಡಿನಲ್ಲಿ ಯಾರೂ ಕೀಲಿ ಒತ್ತದಿದ್ದರೆ ಮೊದಲೇ ಬರೆದಿಟ್ಟ ಸಂಖ್ಯೆ ನೋಡಿ ಬೂಟ್ ಲೋಡರ್ ಅದನ್ನೇ ಎಬ್ಬಿಸುತ್ತದೆ. ಯುಗಾದಿಯ ನಕಲು ಇನ್ನೂ ಏಳುತ್ತದೋ ಇಲ್ಲವೋ ಪರೀಕ್ಷಿಸಬೇಕಿತ್ತು.

ವನಮಾಲಾ ಹೊರಗಿನ ಕೇಬಲ್ ಕಿತ್ತಳು. ನಲವತ್ಮೂರು ಮಣಿಗಳು "ಸ್ವಲ್ಪ ತಡೀರಿ" ಎಂದು ಸುಮ್ಮನಾದವು. ಶ್ರೀಪಾದ ಸರ್ ಒಂದೊಂದೇ ಅಕ್ಷರ ಹೇಳಿದರು, ಅವಳು ಒಂದೊಂದೇ ಅಕ್ಷರ ಒತ್ತಿದಳು. ಕಡತದಲ್ಲಿ ಸಂಖ್ಯೆ ಬದಲಾಯಿತು, ಅದಾದ ಮೇಲೆ ಇನ್ನೊಂದು ಸಾಲು ಒತ್ತಿಸಿದರು. ಅದು ಏನು, ಯಾಕೆ ಎಂದು ಅವಳಿಗೆ ತಿಳಿಯಲಿಲ್ಲ. ಅವಳು ಕೇಳಲೂ ಇಲ್ಲ. ಅಳಿಯ ಆರಿ, ಯುಗಾದಿಯ ನಕಲಿನಲ್ಲಿ ಎದ್ದ. ಮತ್ತೆ ಆರಿಸಿ, ಈ ಸಲ ಕೈಯಿಂದಲೇ ಕೀಲಿ ಒತ್ತಿ, ದಿನದ ವ್ಯವಸ್ಥೆಗೆ ಎಬ್ಬಿಸಿದಳು.

"ಈಗ ಸೆಟ್ಟಿಂಗ್ ಮೊದಲಿನಂಗ ಮಾಡಿಬಿಡು. ಹೆಂಗ ಅಂತ ಗೊತ್ತಾತಲ್ಲಾ?" ಹಿಂದೆ ಬಸ್ಸಿನ ಹಾರ್ನು.

"ಹೂಂ ಸರ್."

ಅವಳು ಕಡತ ತೆರೆದು ಸಂಖ್ಯೆ ತಿದ್ದಿದಳು, ಉಳಿಸಿದಳು. ಆ ಇನ್ನೊಂದು ಸಾಲನ್ನು ಒತ್ತಲಿಲ್ಲ.

ಎರಡನೆಯದು ಇನ್ನೂ ಸಣ್ಣದು. ತಿಂಗಳ ಮೊದಲ ರವಿವಾರ ಮಧ್ಯಾಹ್ನ ಮೂರಕ್ಕೆ ಅಳಿಯನನ್ನು ಒಮ್ಮೆ ಆರಿಸಿ ಹೊತ್ತಿಸುವ ರೂಢಿ. ಇಷ್ಟು ದಿನ ಅವಳೂ ದಸ್ತಗೀರ ಕಾಕಾನೂ ರವಿವಾರ ಬಂದು ಅದನ್ನು ಮಾಡುತ್ತಿದ್ದರು. ಇನ್ನು ಮೇಲೆ ಅದು ತಾನಾಗಿ ಆಗುವಂತೆ ವೇಳಾಪಟ್ಟಿಯಲ್ಲಿ ಒಂದು ಸಾಲು ಬರೆಯಬೇಕಿತ್ತು. ನಿಮಿಷ, ತಾಸು, ತಾರೀಖು, ತಿಂಗಳು, ವಾರ ಎಂದು ಐದು ಮನೆ. ತಾರೀಖಿನ ಮನೆಯಲ್ಲಿ ಒಂದರಿಂದ ಏಳು ಎಂದು ಬರೆದಳು, ವಾರದ ಮನೆಯಲ್ಲಿ ರವಿವಾರ. ಒಂದರಿಂದ ಏಳರೊಳಗೆ ಬರುವ ರವಿವಾರವೇ ಮೊದಲ ರವಿವಾರವಲ್ಲವೇ?

"ಬರೆದ್ಯಾ? ಸರಿ ಐತಿ ಅಂತ ಖಾತ್ರಿ ಐತೇನು?"

"ಹೂಂ ಸರ್."

ದಸ್ತಗೀರ ಕಾಕಾ ಖುಷಿಯಾದ. "ಅಂದ್ರ ಇನ್ನ ರವಿವಾರ ಗಜೇಂದ್ರಗಡಕ್ಕ ಮೊಮ್ಮಗಳ ಹತ್ರ ಹೋಗಬಹುದು! ಶಾಣ್ಯಾಕಿ ಆದಿ ನೋಡು ನೀನು."

ಸಂಜೆ ಡೈರಿಯಲ್ಲಿ ಅವಳು ಹೂಂ ಎಂಬ ರೋಗದ ಬಗ್ಗೆ ಬರೆದದ್ದು ಇದೇ ಕಾರಣಕ್ಕೆ. ಮುಂದಿನ ಮೊದಲ ರವಿವಾರಕ್ಕೆ ಇನ್ನೂ ಒಂದು ತಿಂಗಳಿತ್ತು. ಅಷ್ಟರಲ್ಲಿ ಯಾವುದಾದರೂ ಪುಸ್ತಕ ನೋಡಿ ತಿಳಿದುಕೊಂಡರಾಯಿತು ಎಂದು ಮಲಗಿದಳು. ಅಂದು ನವೆಂಬರ್ ನಾಲ್ಕು.

ರವಿವಾರ ಕೆಲಸಕ್ಕೆ ಬಂದದ್ದಕ್ಕೆ ಬುಧವಾರ ಅವಳಿಗೆ ಬದಲಿ ರಜೆ. ಊಟವಾದ ಮೇಲೆ ಅಪ್ಪ ರಾಚಪ್ಪನ ಪಕ್ಕದಲ್ಲಿ ಕೂತು ಕಾರ್ಡು ಎಣಿಸಿಕೊಡುತ್ತಿದ್ದಳು. ಜಕಾರ್ಡ್ ಮಗ್ಗಗಳಿಗೆ ಕಾರ್ಡು ಚುಚ್ಚುವುದು ಅಪ್ಪನ ಕಸುಬು. ರವಿಕೆಯ ಖಣದ ಮೇಲಿನ ಹೂವು, ಬಳ್ಳಿ ಯಾವುದೇ ಇರಲಿ, ಮೊದಲು ಚೌಕಳಿ ಕಾಗದದ ಮೇಲೆ ನಕ್ಷೆ. ಆ ನಕ್ಷೆ ನೋಡಿಕೊಂಡು ರಟ್ಟಿನ ಕಾರ್ಡುಗಳಲ್ಲಿ ತೂತು. ಮಗ್ಗ ಓದುವುದು ತೂತನ್ನು.

ಅಪ್ಪ ಅಂದು ನಗೆಯಲ್ಲಿದ್ದ. "ಆ ಮೇಲಿನ ಓಣಿ ಈರಣ್ಣ ಬಂದಿದ್ದ. ಹೂವಿನ ಎಸಳು ಐದು ಇದ್ದದ್ದು ಆರು ಮಾಡೀನಿ, ಆದ್ರೂ ಮಗ್ಗ ಐದs ನೇಯತೈತಿ, ದೆವ್ವಾ ಹೊಕ್ಕೈತಿ ಅಂತಾನ. ಕಾರ್ಡು ತಾರೋ ಮಾರಾಯಾ ಅಂದೆ. ನೋಡಿದ್ರ, ನಕ್ಷೆ ಅಷ್ಟs ತಿದ್ದ್ಯಾನ. ಕಾರ್ಡು ಹಳೇವು! ಕಾಗದದಾಗ ತಿದ್ದಿದ್ರ ಮಗ್ಗಕ್ಕ ಹೆಂಗ ಗೊತ್ತಾಗಬೇಕು?"

ವನಮಾಲಾಳೂ ನಕ್ಕಳು. ಆಗ ಬಾಗಿಲಲ್ಲಿ ಪಕ್ಕದ ಮನೆಯ ನೀಲವ್ವ ಆಯಿ ಬಂದು ನಿಂತಳು.

"ವನಮಾ, ಒಂದೆರಡು ಯಾಲಕ್ಕಿ ಕೊಡವ್ವಾ. ನಮ್ಮವರು ಬರೂ ಹೊತ್ತಾತು. ಯಾಲಕ್ಕಿ ಇಲ್ಲದ ಚಾ ಮುಟ್ಟೂದಿಲ್ಲ, ಗೊತ್ತೈತೆಲ್ಲಾ ಅವರ ಸೊಕ್ಕು."

ಅಪ್ಪನ ಕೈಯಲ್ಲಿದ್ದ ಚುಚ್ಚುಳಿ ಅಲ್ಲೇ ನಿಂತಿತು. ಆಯಿಯ ಗಂಡ ವೀರಭದ್ರಪ್ಪ ಶ್ರಾವಣದಲ್ಲಿ ತೀರಿಕೊಂಡಿದ್ದ. ಹೆಗಲು ಕೊಟ್ಟವರಲ್ಲಿ ಅಪ್ಪನೂ ಒಬ್ಬ. ಮೂರು ತಿಂಗಳಿಂದ ಬರಿದಾಗಿದ್ದ ಆಯಿಯ ಹಣೆಯ ಮೇಲೆ ಈಗ ರೂಪಾಯಿಯಗಲ ಕುಂಕುಮ, ಹಸಿಹಸಿಯಾಗಿ, ಸ್ವಲ್ಪ ಸೊಟ್ಟಗೆ.

ಹಿಂದೆಯೇ ಸೊಸೆ ರೇಣುಕಾ ಓಡಿಬಂದಳು. "ಅತ್ತೀ... ಮನೀಗೆ ನಡೀರಿ."

"ಯಾಕ, ಎಲ್ಲಾರೂ ಹಂಗ್ಯಾಕ ನೋಡಾಕತ್ತೀರಿ?" ಆಯಿ ಒಬ್ಬೊಬ್ಬರ ಮುಖ ನೋಡಿದಳು. "ನೀನs ಅಲ್ಲೇನ ಈಗ ಕಿವ್ಯಾಗ ಹೇಳಿದಾಕಿ, ಮಾವ ನೇಕಾರರ ಸಂಘಕ್ಕ ಖಣ ಕೊಡಾಕ ಹೋಗ್ಯಾರ, ಚಾದ ಹೊತ್ತಿಗೆ ಬರ್ತಾರ ಅಂತ?"

ರೇಣುಕಾ ಹೌಹಾರಿದಳು. ಶ್ರಾವಣದಿಂದ ಆಯಿಯ ಮಣಿ ದಿನಾ ಹೇಳುತ್ತಿದ್ದದ್ದು ಬೇರೆ. ಗಂಡ ಎಲ್ಲಿ ಎಂದು ಕೇಳುವ ಮೊದಲೇ, ರೇಣುಕಾಳ ದನಿಯಲ್ಲಿ, ಅವಳೇ ಅಳುತ್ತ ಆರಿಸಿಕೊಟ್ಟ ಮಾತಿನಲ್ಲಿ: 'ಮಾವ ಇಲ್ಲ ಅತ್ತೀ, ನಾ ಇದ್ದೀನಿ.' ಆ ಮಾತಿಗೆ ಆಯಿ ಹೊಂದಿಕೊಂಡಿದ್ದಳು. ಅತ್ತರೂ ಸಣ್ಣಗೆ ಅತ್ತು ಸುಮ್ಮನಾಗುತ್ತಿದ್ದಳು.

ಈಗ ರೇಣುಕಾ ಬಾಯಿಬಿಟ್ಟೇ ಹೇಳಬೇಕಾಯಿತು. ಆಯಿ ಮೊದಲು ನಂಬಲಿಲ್ಲ. ಆಮೇಲೆ ನಂಬಿದಳು. ಹೊಸ್ತಿಲ ಮೇಲೆ ಕುಸಿದು ಅವಳು ಇಟ್ಟ ದನಿ ಶ್ರಾವಣದ ಆ ಬೆಳಗಿನದೇ ದನಿ. ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು.

"ನನ್ನ ದನ್ಯಾಗs ಸುಳ್ಳು ಹೇಳಿಸ್ಯಾರ," ಎಂದಳು ರೇಣುಕಾ, ಯಾರಿಗೂ ಅಲ್ಲದ ಹಾಗೆ. "ನನ್ನ ದನ್ಯಾಗs."

ವನಮಾಲಾ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ಗಾಜಿನ ಕೋಣೆಯಲ್ಲಿ ಎಂದಿನ ತಂಪು. ಪರದೆಯ ಮೇಲೆ ಕೊನೆಯ ನೆನಪಿನ ತಾರೀಖು ಯುಗಾದಿಯ ಮರುದಿನದ್ದು. ಮೂರು ಗಂಟೆಗೆ ಸರಿಯಾಗಿ ಅಳಿಯ ತಾನಾಗಿ ಆರಿ, ತಾನಾಗಿ ಎದ್ದಿದ್ದ, ಯುಗಾದಿಯ ನಕಲಿನಲ್ಲಿ. ನಲವತ್ಮೂರು ಕಿವಿಗಳಲ್ಲಿ ಕಳೆದ ಏಳು ತಿಂಗಳು ಇಲ್ಲವಾಗಿತ್ತು. ಹುಟ್ಟಿದ ಕೂಸುಗಳಿಗೆ ಹೆಸರಿಲ್ಲ, ಸತ್ತವರು ಸಂಘಕ್ಕೆ ಹೋಗಿದ್ದಾರೆ.

ಇಂದು ಯಾಕೆ ಆರಿದ? ಅವಳು ವೇಳಾಪಟ್ಟಿಯ ನಿಯಮವನ್ನು ಈಗ, ಮೊದಲ ಬಾರಿಗೆ, ಓದಿದಳು. ತಾರೀಖು, ವಾರ ಎರಡೂ ಮನೆ ತುಂಬಿದರೆ ಯಂತ್ರ ಎರಡೂ ಕೂಡುವ ದಿನಕ್ಕೆ ಕಾಯುವುದಿಲ್ಲ, ಯಾವುದೊಂದು ಕೂಡಿದರೂ ಸಾಕು ಅದಕ್ಕೆ. ಒಂದರಿಂದ ಏಳರವರೆಗಿನ ಎಲ್ಲ ದಿನವೂ ಸರಿ, ಎಲ್ಲ ರವಿವಾರವೂ ಸರಿ. ಇಂದು ಐದು.

ನಕಲಿಗೆ ಯಾಕೆ ಎದ್ದ? ಕೈಯಿಂದ ಕೀಲಿ ಒತ್ತಿ ಅಳಿಯನನ್ನು ದಿನದ ವ್ಯವಸ್ಥೆಗೆ ಎಬ್ಬಿಸಿ, ತಾನು ತಿದ್ದಿದ ಕಡತ ತೆರೆದಳು. ಸಂಖ್ಯೆ ಸರಿಯಾಗಿಯೇ ಇತ್ತು. ಬೂಟ್ ಲೋಡರ್ ನಿಜವಾಗಿ ಓದುವ ಇನ್ನೊಂದು ಕಡತ ತೆರೆದಳು. ಅಲ್ಲಿ ಹಳೆಯ ಸಂಖ್ಯೆ ಹಾಗೇ ಕೂತಿತ್ತು. ಶ್ರೀಪಾದ ಸರ್ ನಿನ್ನೆ ಒತ್ತಿಸಿದ ಆ ಸಾಲು ಇದಕ್ಕೇ: ಅಲ್ಲಿ ಬರೆದದ್ದನ್ನು ಇಲ್ಲಿಗೆ ಇಳಿಸುವುದಕ್ಕೆ. ಅವಳು ನಕ್ಷೆ ತಿದ್ದಿದ್ದಳು. ಕಾರ್ಡು ಚುಚ್ಚಿರಲಿಲ್ಲ. ಕಾರ್ಡು ಚುಚ್ಚುವವನ ಮಗಳು. ಒಂದು ತಾಸಿನ ಹಿಂದೆ ಈರಣ್ಣನನ್ನು ನೆನೆದು ನಕ್ಕಿದ್ದಳು.

ಆ ಸಾಲನ್ನು ಒತ್ತಿದಳು. ವೇಳಾಪಟ್ಟಿಯಲ್ಲಿ ತಾನು ಬರೆದ ಸಾಲನ್ನು ಅಳಿಸಿದಳು. ಅಳಿಸುವಾಗ, ಇನ್ನಾರಿಗೂ ಕಾಣದಿರಲಿ ಎಂದೇ ಅಳಿಸುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು.

"ಏನಾತವ್ವಾ? ರಜಾದಾಗ ಬಂದಿ?" ಕಾಕಾ ಬಾಗಿಲಲ್ಲಿದ್ದ.

ಉತ್ತರಿಸುವ ಮೊದಲೇ ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಇಂದುಮತಿ ಮೇಡಂ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿನ ಫೋನು ಬಡಿದುಕೊಳ್ಳುತ್ತಲೇ ಇತ್ತು.

"ಹನ್ನೊಂದು ಮನೆಯವರು ಫೋನ್ ಮಾಡಿದ್ರು. ಸರ್ವರ್ ಆರಿತ್ತಾ? ದಸ್ತಗೀರಸಾಬ, ಕರೆಂಟ್ ಹೋಗಿತ್ತಾ?"

"ಇಲ್ರೀ ಮೇಡಂ. ಮೂರಕ್ಕ ನೋಡೀನಿ. ಬರೋಬ್ಬರಿ ಇತ್ತು. ಬರದೀನಿ ನೋಡ್ರಿ."

"ಬರೋಬ್ಬರಿ ಇದ್ದದ್ದು ತಾನಾಗಿ ಹೇಗೆ ಆರ್ತದೆ? ಎಲ್ಲಾ ತಾಸಿಗೂ ನೀವು ಅದೇ ಒಂದು ಶಬ್ದ ಬರೀತೀರಿ." ಅವರು ತಿರುಗಿದರು. "ವನಮಾಲಾ, ಕರೆಂಟ್ ಹೋಗಿಯೇ ಆರಿದ್ದು, ಅಲ್ವಾ?"

"ಹೂಂ," ಎಂದಳು ವನಮಾಲಾ.

ಹೂಂ ಎಂಬುದು ಪೂರ್ತಿ ಮಾತೂ ಅಲ್ಲ. ಅದಕ್ಕೆ ಬಾಯಿ ಕೂಡ ತೆರೆಯಬೇಕಿಲ್ಲ.

ಅಂದಿನ ಡೈರಿಯಲ್ಲಿ ತಾರೀಖು ಮಾತ್ರ ಇದೆ.

ಗುರುವಾರದ ಹೊತ್ತಿಗೆ ಮಣಿಗಳೆಲ್ಲ ಸರಿಯಾಗಿ ಮಾತಾಡುತ್ತಿದ್ದವು. ಆದರೆ ನೀಲವ್ವ ಆಯಿ ತನ್ನದನ್ನು ಕಿತ್ತು ಅಕ್ಕಿಯ ಡಬ್ಬಿಯೊಳಗೆ ಹುಗಿದಿದ್ದಳು. ರೇಣುಕಾ ಎದುರಿಗೆ ನಿಂತು ಹೇಳಿದರೂ, "ನೀ ಅವತ್ತೂ ಹೀಂಗs ಹೇಳಿದ್ದಿ" ಎನ್ನುತ್ತಿದ್ದಳಂತೆ. ಮಧ್ಯಾಹ್ನ ಮೂರಾದರೆ ಗೋಡೆಯಾಚೆ ಎರಡು ಕಪ್ಪು ಬಸಿಯ ಸಪ್ಪಳ. ವನಮಾಲಾ ರಜೆಯಲ್ಲೂ ಕೇಂದ್ರಕ್ಕೆ ಹೋಗತೊಡಗಿದಳು.

ಅಲ್ಲಿ ಕಾಕಾ ಇದ್ದ. ಮೊದಲೆರಡು ದಿನ ಅವನು ಜಗಳವಾಡಿದ. ನಾ ನೋಡೀನಿ, ನನ್ನ ಕಣ್ಣಿಲೆ ನೋಡೀನಿ ಎಂದ. ಮೂರನೆಯ ದಿನ ವಹಿ ತೆಗೆದು ಬುಧವಾರದ ಪುಟವನ್ನು ಬೆಳಕಿಗೆ ಹಿಡಿದು ತನ್ನದೇ ಅಕ್ಷರವನ್ನು ಬಹಳ ಹೊತ್ತು ನೋಡಿದ.

"ವನಮಾ, ಇದು ನೋಡೇ ಬರದದ್ದೋ, ರೂಢಿಲೆ ಬರದದ್ದೋ ನನಗs ತಿಳೀವಲ್ತು. ಮೆಟ್ಟಲ ಇಳಿದದ್ದು ನೆನಪೈತಿ. ಮೀಟರು ನೋಡಿದ್ದೂ ನೆನಪೈತಿ. ಆದ್ರ ಅದು ಬುಧವಾರದ್ದೋ, ಮಂಗಳವಾರದ್ದೋ? ದಿನಾ ಅದs ಮೆಟ್ಟಲ, ಅದs ಮೀಟರು."

ಈಗ ಹೇಳು, ಎಂದಿತು ಅವಳ ಒಳಗೊಂದು ದನಿ. ಅವಳು ಕಂಪ್ಯೂಟರಿನ ಪರದೆ ಒರೆಸಿದಳು.

ಮೇಡಂ ಕೆಟ್ಟವರಲ್ಲ. ಕಾಕಾನನ್ನು ಕೆಲಸದಿಂದ ತೆಗೆಯುವ ಮಾತೇ ಅವರು ಎತ್ತಲಿಲ್ಲ. ಮೆಲ್ಲಗೆ ಕೂರಿಸಿಕೊಂಡು, ಈ ವಯಸ್ಸಿನಲ್ಲಿ ಶುರುವಾಗುವುದು ಹೀಗೇ, ಬೇಗ ಗೊತ್ತಾದದ್ದು ಒಳ್ಳೆಯದು ಎಂದರು. ಐದು ಶಬ್ದ ಹೇಳಿ, ಹತ್ತು ನಿಮಿಷ ಬಿಟ್ಟು ಕೇಳಿದರು. ಕಾಕಾ ಮೂರನ್ನು ಹೇಳಿದ.

"ಐದರಾಗ ಮೂರು," ಎಂದು ಹೊರಗೆ ಬಂದು ವನಮಾಲಾಳಿಗೆ ನಗುತ್ತ ಹೇಳಿದ. "ಸಾಲ್ಯಾಗ ಆಗಿದ್ರ ಪಾಸ್." ಆಮೇಲೆ ನಗು ನಿಲ್ಲಿಸಿ, "ಗಜೇಂದ್ರಗಡಕ್ಕ ಹೋಗಲಿಲ್ಲ ಈ ರವಿವಾರ. ದಾರಿ ತಪ್ಪಿದ್ರ ಅಂತ ಹೆದರಿಕಿ ಬಂತವ್ವಾ," ಎಂದ.

ಮೂವತ್ತು ವರ್ಷ ಹೋಗಿಬಂದ ದಾರಿ ಅದು.

ಆ ಸಂಜೆ ಅವಳು ಡೈರಿಯಲ್ಲಿ ಎಲ್ಲವನ್ನೂ ಬರೆದಳು. ಆರು ಪುಟ. ಬರೆದ ಮೇಲೆ ಹಗುರಾಗಬಹುದು ಎಂದುಕೊಂಡಿದ್ದಳು. ಆಗಲಿಲ್ಲ. ಕಾಗದದಲ್ಲಿ ತಿದ್ದಿದರೆ ಮಗ್ಗಕ್ಕೆ ಹೇಗೆ ಗೊತ್ತಾಗಬೇಕು? ಅಪ್ಪ ಊಟಕ್ಕೆ ಕರೆದ. ರೊಟ್ಟಿ ಮುರಿದು ಮುರಿದು ತಟ್ಟೆಯಲ್ಲಿ ರಾಶಿ ಮಾಡಿದಳು.

"ಮೈ ಸರಿ ಇಲ್ಲೇನು?" ಅಪ್ಪ ಕೇಳಿದ. ಅದಕ್ಕೂ ಹೂಂ ಅಂದಳು.

ಮುಂದಿನ ಸೋಮವಾರ ಕಾಕಾನಿಗೆ ಮಣಿ ಕೂರಿಸುವ ದಿನ. ಹೆಂಡತಿ ಮಾಬೂಬಿ ಬೆಳಿಗ್ಗೆಯಿಂದ ಶಬ್ದಗಳ ಪಟ್ಟಿ ಓದಿ ದನಿ ಕೊಟ್ಟಿದ್ದಳು. ಗಂಟಲು ಒಣಗಿ ಮೂಲೆಯಲ್ಲಿ ಕೂತಿದ್ದಳು. ಕಾಕಾ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದಿದ್ದ.

"ಮೂವತ್ತೈದು ವರ್ಷ ಅಕೀ ದನಿ ಹೊರಗಿಂದ ಬರ್ತಿತ್ತು. ಇನ್ನ ಒಳಗಿಂದ. ತಪ್ಪಿಸಿಕೊಳ್ಳೂ ಹಂಗಿಲ್ಲ."

"ಸುಮ್ಮಕುಂದರ್ರಿ," ಎಂದಳು ಮಾಬೂಬಿ. ಅವಳ ಕಣ್ಣು ಕೆಂಪಗಿದ್ದವು.

ಮೇಡಂ ಕಿವಿಯ ಹಿಂದೆ ಔಷಧ ಹಚ್ಚುತ್ತ, "ವನಮಾಲಾ, ಮೊದಲ ಮರೆವು ಬರ್ಕೋ," ಎಂದರು.

ಹೊಸಬರ ಖಾತೆ ತೆರೆಯುವಾಗ ಯಂತ್ರ ಕೇಳುವ ಮೊದಲ ಪ್ರಶ್ನೆ ಅದು. ಈ ಮನುಷ್ಯ ಮೊದಲು ಏನನ್ನು, ಎಂದು ಮರೆತ? ಅಲ್ಲಿಂದಲೇ ಯಂತ್ರ ಅವನನ್ನು ಅರಿಯತೊಡಗುತ್ತದೆ. ಎಲ್ಲಿ ಅವನನ್ನು ನಂಬಬಹುದು, ಎಲ್ಲಿ ಅವನ ಮಾತಿಗಿಂತ ತನ್ನ ಮಾತು ಮುಂದೆ ಮಾಡಬೇಕು ಎಂಬುದನ್ನು ಆ ಸಾಲಿನ ಮೇಲೆ ಕಟ್ಟುತ್ತ ಹೋಗುತ್ತದೆ. ಇನ್ನು ಮೇಲೆ ಕಾಕಾ ಯಾವಾಗ ಮೀಟರಿನ ಮುಂದೆ ನಿಂತರೂ, ನೀವು ನೋಡಲಿಲ್ಲ, ಇನ್ನೊಮ್ಮೆ ನೋಡ್ರಿ ಎಂದು ಮಾಬೂಬಿಯ ದನಿ ಹೇಳುತ್ತದೆ. ಸಾಯುವವರೆಗೂ.

ಪರದೆಯ ಮೇಲಿನ ಖಾಲಿ ಮನೆಯಲ್ಲಿ ಗೆರೆ ಮಿಣುಕುತ್ತಿತ್ತು.

"ನಾ ಹೇಳತೀನಿ ಬರಿಯವ್ವಾ," ಎಂದ ಕಾಕಾ. ವಹಿ ಬರೆಯಿಸುವವನಂತೆ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದ. "ನವೆಂಬರ್ ಐದು. ಬುಧವಾರ. ಮಧ್ಯಾಹ್ನ ಮೂರು. ಕರೆಂಟ್ ಹೋದದ್ದು ದಸ್ತಗೀರಸಾಬ ನೋಡಲಿಲ್ಲ. ನೋಡೀನಿ ಅಂತ ಬರದ." ಆಮೇಲೆ, "ಬೇಕಂತ ಸುಳ್ಳು ಬರದಿಲ್ಲ ಅಂತನೂ ಹಾಕು. ಹಾಕಾಕ ಬರತೈತೇನು?"

ಅವಳು ನವೆಂಬರ್ ಐದು ಎಂದು ಒತ್ತಿದಳು. ಬುಧವಾರ ಎಂದು ಒತ್ತಿದಳು. ಬೆರಳು ಅಲ್ಲಿಗೇ ನಿಂತವು. ಅಕ್ಷರಗಳ ಪಕ್ಕದಲ್ಲಿ ಗೆರೆ ಮಿಣುಕಿತು, ಮಿಣುಕಿತು. ಮೇಡಂ ಮಣಿಯನ್ನು ಚಿಮಟದಲ್ಲಿ ಎತ್ತಿ ಹಿಡಿದಿದ್ದರು.

"ಆತೇನವ್ವಾ? ಬರದ್ಯಾ?" ಕಾಕಾ ಕೇಳಿದ.

ಗಂಟಲಿನಲ್ಲಿ ಅದೇ ಹಳೆಯ ಸಪ್ಪಳ ಎದ್ದು ಬಂತು. ತುಟಿ ಮುಚ್ಚಿಯೇ ಇತ್ತು, ಮುಚ್ಚಿಯೇ ಇದ್ದರೂ ಸಾಕಿತ್ತು. ವನಮಾಲಾ ಕುರ್ಚಿ ಹಿಂದೆ ಸರಿಸಿ ಎದ್ದು ನಿಂತಳು. ಅವಳ ದನಿಯನ್ನು ಆ ಕೋಣೆಯಲ್ಲಿ ಯಾರೂ ಅಷ್ಟು ಗಟ್ಟಿಯಾಗಿ ಕೇಳಿರಲಿಲ್ಲ. ಮಾಬೂಬಿ ಬೆಚ್ಚಿ ತಲೆಯೆತ್ತಿದಳು.

"ಬರದಿಲ್ಲ ಕಾಕಾ. ಅವತ್ತ ಕರೆಂಟ್ ಹೋಗಿರಲಿಲ್ಲ. ನೀವು ನೋಡಿದ್ದು ಖರೇ. ಅಳಿಯ ಆರಿದ್ದು, ಯುಗಾದಿಗೆ ಎದ್ದದ್ದು, ಎರಡೂ ನಾ ಮಾಡಿದ್ದು."